ಯಾವೂರು? – ಪ್ಲೇಗಿನ ಕಾಲದಿಂದ ಕೊರೊನಾದವರೆಗೆ ಪ್ರಯಾಣಿಕನ ಹೊಣೆ

ನಮ್ಮ ನಾಡಿನ ಹಳ್ಳಿಗಳಲ್ಲಿ ಅಪರಿಚಿತನನ್ನು ಮೊದಲು ಕೇಳುವುದು ಹೆಸರನ್ನಲ್ಲ, ಊರನ್ನು. ಹೆಸರು ಆಮೇಲೆ ಬರುತ್ತದೆ. ಎಷ್ಟೋ ವೇಳೆ ಬರುವುದೇ ಇಲ್ಲ. 2020ರ ಡಿಸೆಂಬರಿನ ಒಂದು ಬೆಳಗ್ಗೆ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಒಬ್ಬ ವೃದ್ಧೆ ನನ್ನನ್ನು ಕೇಳಿದ್ದೂ ಅದನ್ನೇ. ನಾವು ನಾಲ್ವರು ಹಳೆಯ ಕಲ್ಲುಗಳನ್ನೂ ಗುಡಿಗಳನ್ನೂ ನೋಡುತ್ತ ಆ ಸೀಮೆಯಲ್ಲಿ ಸುತ್ತುತ್ತಿದ್ದೆವು. ದಾರಿ ವಿಚಾರಿಸಲು ಅವರ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಜಗಲಿಯ ಮೇಲೆ ಕುಳಿತಿದ್ದ ಅಜ್ಜಿ ಎದ್ದು, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಎರಡು ಹೆಜ್ಜೆ ಹಿಂದಕ್ಕೆ ಸರಿದರು. "ಯಾವೂರಪ್ಪಾ ನಿಮ್ದು?" ಎಂದರು. "ದಾವಣಗೆರೆ ಕಡೆಯಿಂದ ಬಂದ್ವಿ ಅಮ್ಮಾ" ಎಂದೆ. ಅವರ ಮುಖ ತುಸು ಸಡಿಲವಾಯಿತು. ಒಳಗಿನಿಂದ ಒಂದು ಚೊಂಬು ನೀರು ತಂದು ಜಗಲಿಯ ತುದಿಯಲ್ಲಿಟ್ಟು ಮತ್ತೆ ಹಿಂದೆ ನಿಂತರು.

ನಾನು ಹೇಳಿದ್ದು ಅಕ್ಷರಶಃ ಸುಳ್ಳಲ್ಲ. ಆ ಬೆಳಗ್ಗೆ ನಾವು ಹೊರಟದ್ದು ದಾವಣಗೆರೆಯಿಂದಲೇ. ಆದರೆ ದಾವಣಗೆರೆಗೆ ಬಂದದ್ದು ಹಿಂದಿನ ರಾತ್ರಿ, ಬೆಂಗಳೂರಿನಿಂದ. ರಾಜ್ಯದಲ್ಲೇ ಅತಿ ಹೆಚ್ಚು ಕೊರೊನಾ ಸೋಂಕಿತರಿದ್ದ ನಗರ ಅದು. ಆ ಅಜ್ಜಿ ತಿಳಿಯಬಯಸಿದ್ದು ಅದನ್ನೇ. ನಾನು ಮರೆಸಿದ್ದೂ ಅದನ್ನೇ. ನಮ್ಮಲ್ಲಿ ಯಾರಿಗೂ ಜ್ವರವಿರಲಿಲ್ಲ, ಮುಂದೆಯೂ ಬರಲಿಲ್ಲ. ಅದು ನಮ್ಮ ಪುಣ್ಯವೇ ಹೊರತು ವಿವೇಕವಲ್ಲ. ಚೊಂಬಿನ ನೀರನ್ನು ಕುಡಿದು ಹೊರಟವನಿಗೆ ಆ ಉತ್ತರ ಬಹುದಿನ ಕಾಡಿತು. ಈ ಬರಹಕ್ಕೆ ಕಾರಣವೂ ಅದೇ.

ಕತ್ತಲಗೆರೆ ಎಂಬ ಹೆಸರಿನ ಉತ್ತರಪದ 'ಕೆರೆ'. ಆದೇಶಸಂಧಿಯಿಂದ ಕಕಾರ ಗಕಾರವಾಗಿದೆ, ದಾವಣಗೆರೆಯಲ್ಲಿ ಆದಂತೆ. ಅದೇ ತಾಲ್ಲೂಕಿನ ಸೂಳೆಕೆರೆಯಲ್ಲಿ ಮಾತ್ರ ಕಕಾರ ಹಾಗೆಯೇ ಉಳಿದಿದೆ. ಇಂಥ ಹಟಗಳು ಸ್ಥಳನಾಮಗಳಿಗೆ ಸಹಜ. ಕೆರೆಯ ಹೆಸರು ಹೊತ್ತ ಊರುಗಳು ದಾರಿಹೋಕರಿಗೆ ನೀರಿನ ಭರವಸೆಯಾಗಿದ್ದವು. ಕೆರೆ ಕಟ್ಟಿಸಿದವರನ್ನೂ ಅರವಟ್ಟಿಗೆ, ಛತ್ರಗಳಿಗೆ ಭೂಮಿ ಬಿಟ್ಟವರನ್ನೂ ಕನ್ನಡ ಶಾಸನಗಳು ಮತ್ತೆ ಮತ್ತೆ ಕೊಂಡಾಡುತ್ತವೆ. ಬಂದವನಿಗೆ ನೀರು ಕೊಡುವುದು ಊರಿನ ಧರ್ಮ ಎಂಬ ಮಾತು ಅಲ್ಲೆಲ್ಲ ಇದೆ. ಬರುವವನ ಧರ್ಮವೇನು ಎಂಬ ಮಾತು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅದನ್ನು ಬೇರೆಡೆ ಹುಡುಕಬೇಕು. ನನ್ನ ಎಣಿಕೆಯಲ್ಲಿ ಅದು ಹೆಚ್ಚು ಸ್ಪಷ್ಟವಾಗಿ ಕಾಣುವುದು ಸಾಂಕ್ರಾಮಿಕಗಳ ಚರಿತ್ರೆಯಲ್ಲಿ.

ಮೊದಲು ಪ್ಲೇಗನ್ನು ನೋಡೋಣ. 1894ರಲ್ಲಿ ಹಾಂಗ್‌ಕಾಂಗನ್ನು ಹೊಕ್ಕ ಈ ಮಾರಿ ಹಡಗಿನ ದಾರಿ ಹಿಡಿದು 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಬಂದರಿಗೆ ಹತ್ತಿರದ ಮಾಂಡವಿಯಲ್ಲಿ, ಧಾನ್ಯದ ಗೋದಾಮುಗಳ ನಡುವೆ, ಗುರುತಿಗೆ ಬಂತು. ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಜನ ಮುಂಬಯಿಯನ್ನು ಬಿಟ್ಟು ಓಡಿದರು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಹಡಗು, ರೈಲುಗಳಲ್ಲಿ ಬರುವವರನ್ನು ತಡೆದು ಪರೀಕ್ಷಿಸುವ, ಬೇರೆ ಇರಿಸುವ ಅಧಿಕಾರವನ್ನು ಆ ಪುಟ್ಟ ಕಾಯಿದೆ ಕೊಟ್ಟಿತು. ಆ ವರ್ಷ ಮುಂಬಯಿಯಿಂದ ಹಜ್ ಯಾತ್ರೆಯ ಹಡಗುಗಳನ್ನೂ ನಿಲ್ಲಿಸಲಾಯಿತು. 2020ರಲ್ಲಿ ನಮ್ಮ ಸರ್ಕಾರಗಳು ಮೊದಲು ಕೈಗೆತ್ತಿಕೊಂಡ ಅಸ್ತ್ರಗಳಲ್ಲಿ ಆ 1897ರ ಕಾಯಿದೆಯೂ ಒಂದು ಎಂಬುದನ್ನು ಮರೆಯುವಂತಿಲ್ಲ.

ಮೈಸೂರು ಸಂಸ್ಥಾನದ ಉತ್ತರದ ಬಾಗಿಲು ಹರಿಹರ. ತುಂಗಭದ್ರೆಯ ಆಚೆ ಮುಂಬಯಿ ಪ್ರಾಂತ, ಈಚೆ ಮೈಸೂರು. ಬೆಂಗಳೂರಿನಿಂದ ಹರಿಹರದವರೆಗಿನ ರೈಲುದಾರಿ ಮುಗಿದದ್ದು 1889ರಲ್ಲಿ. ಹೊಳೆಯ ಆಚೆಗೆ ಹುಬ್ಬಳ್ಳಿ, ಧಾರವಾಡ. ಅಲ್ಲಿಂದ ಮುಂದೆ ಪುಣೆ, ಮುಂಬಯಿ. ಹತ್ತಿ, ಧಾನ್ಯ, ಮೆಣಸಿನಕಾಯಿ, ಮದುವೆಯ ದಿಬ್ಬಣ, ಯಾತ್ರಿಕರ ತಂಡ ಎಲ್ಲಕ್ಕೂ ಆ ಕಬ್ಬಿಣದ ದಾರಿಯೇ ಆಗಿತ್ತು. 1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗು ಹಣ್ಣು ಮಾಡಿತು. ಹಾಫ್ಕಿನ್ ಸಿದ್ಧಪಡಿಸಿದ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಹುಬ್ಬಳ್ಳಿ ಮೊದಮೊದಲಿನದು. ಅದೇ ವರ್ಷದ ಆಗಸ್ಟಿನಲ್ಲಿ, ರೈಲಿನ ಜಾಡಿನಲ್ಲೇ, ರೋಗ ಬೆಂಗಳೂರನ್ನು ಮುಟ್ಟಿತು. ಮರುವರ್ಷ ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂತು. ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿ, ಹೊನ್ನಾಳಿಗಳು ಆಗ ಶಿವಮೊಗ್ಗ ಜಿಲ್ಲೆಯವು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅಂದರೆ ಚನ್ನಗಿರಿ ಸೀಮೆಯ ಎರಡು ಮಗ್ಗುಲಲ್ಲೂ ರೈಲು ಓಡತೊಡಗಿತ್ತು. ನಡುವಿನ ಹಳ್ಳಿಗಳಿಗೆ ಎತ್ತಿನ ಗಾಡಿ ಮಾತ್ರ. ಗಾಡಿಯ ವೇಗದಲ್ಲಿ ಬರುವ ರೋಗಕ್ಕೂ ರೈಲಿನ ವೇಗದಲ್ಲಿ ಬರುವ ರೋಗಕ್ಕೂ ಅಂತರ ದೊಡ್ಡದು. ಹಿಂದೆ ರೋಗಿಷ್ಠ ಪ್ರಯಾಣಿಕ ಬಹುಮಟ್ಟಿಗೆ ದಾರಿಯಲ್ಲೇ ಮಲಗಿಬಿಡುತ್ತಿದ್ದ. ಈಗ ರೋಗ ತೋರುವ ಮೊದಲೇ ಊರು ಸೇರುತ್ತಿದ್ದ.

ಸರ್ಕಾರಗಳು ಹೂಡಿದ ಉಪಾಯಗಳಲ್ಲಿ ಅತಿ ವಿಚಿತ್ರವಾದುದು ಪ್ಲೇಗು ಪಾಸ್‌ಪೋರ್ಟು. ಮದ್ರಾಸು ಪ್ರಾಂತದಲ್ಲಿ ಇದು ವ್ಯಾಪಕವಾಗಿ ಜಾರಿಯಲ್ಲಿತ್ತು. ಸೋಂಕಿನ ಸೀಮೆಯಿಂದ ಬಂದವನು ತನ್ನ ಹೆಸರು, ಹೊರಟ ಊರು, ಹೋಗುವ ಊರುಗಳನ್ನು ಬರೆಸಿದ ಚೀಟಿಯನ್ನು ಹಿಡಿದು, ತಲುಪಿದ ಊರಿನಲ್ಲಿ ಹತ್ತು ದಿನ ಅಧಿಕಾರಿಯ ಮುಂದೆ ಹಾಜರಾಗಬೇಕು. 'ಯಾವೂರು?' ಎಂಬ ಜಗಲಿಯ ಪ್ರಶ್ನೆ ಹೀಗೆ ಮೊಹರು ಬಿದ್ದ ಕಾಗದವಾಯಿತು. ಜನ ಸುಮ್ಮನಿರಲಿಲ್ಲ. ತಪಾಸಣೆಯ ನಿಲ್ದಾಣಕ್ಕೆ ಮುಂಚಿನ ನಿಲ್ದಾಣದಲ್ಲಿ ಇಳಿದು, ಹೊಲದ ದಾರಿಯಲ್ಲಿ ನಡೆದು ಊರು ಸೇರಿದರು. ಬಂದ ಊರನ್ನು ಮರೆಸಿ ನಡುವಿನ ಊರಿನ ಹೆಸರು ಹೇಳಿದರು. ಈ ವಿವರವನ್ನು ಓದಿದಾಗ ನನಗೆ ಕತ್ತಲಗೆರೆಯ ಜಗಲಿ ನೆನಪಾಗದೆ ಇರಲಿಲ್ಲ.

ಆದರೆ ಅವರಿಗೂ ನನಗೂ ಒಂದು ವ್ಯತ್ಯಾಸವುಂಟು. ಅವರು ಮರೆಸಿದ್ದು ಹೆದರಿಕೆಯಿಂದ. ಮೂರನೆಯ ದರ್ಜೆಯ ಪ್ರಯಾಣಿಕರನ್ನು ರೈಲಿನಿಂದಿಳಿಸಿ, ಹೆಂಗಸರು ಗಂಡಸರೆನ್ನದೆ ಪ್ಲಾಟ್‌ಫಾರಂನಲ್ಲಿ ಸಾಲಾಗಿ ನಿಲ್ಲಿಸಿ, ಕಂಕುಳು ಮುಟ್ಟಿ ನೋಡುವ ತಪಾಸಣೆ ಅದು. ಮೇಲಿನ ದರ್ಜೆಯವರಿಗೆ ಅವರ ಡಬ್ಬಿಯಲ್ಲೇ ಒಂದು ಮರ್ಯಾದೆಯ ನೋಟ ಸಾಕಾಗುತ್ತಿತ್ತು. ಸಂಶಯ ಬಂದರೆ ಕ್ಯಾಂಪು. ಕ್ಯಾಂಪಿಗೆ ಹೋದವರು ಮರಳುವುದಿಲ್ಲವೆಂಬ ಮಾತು ಊರೂರಲ್ಲಿ ಹಬ್ಬಿತ್ತು. ಪುಣೆಯಲ್ಲಿ ಈ ಕಠೋರತೆ 1897ರ ಜೂನ್‌ನಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡನ ಕೊಲೆಯಲ್ಲಿ ಮುಗಿಯಿತು. ಮೈಸೂರು ಸಂಸ್ಥಾನದಲ್ಲೂ ಶ್ರೀರಂಗಪಟ್ಟಣದ ಗಂಜಾಂನಲ್ಲಿ 1898ರಲ್ಲಿ ಜನ ದಂಗೆಯೆದ್ದರು. ನಾನು ಮರೆಸಿದ್ದಕ್ಕೆ ಇಂಥ ಯಾವ ಹೆದರಿಕೆಯೂ ಇರಲಿಲ್ಲ. ನನಗೆ ಬೇಕಾಗಿದ್ದುದು ಒಂದು ಚೊಂಬು ನೀರು ಮತ್ತು ದಾರಿ.

ಇನ್ನೊಂದು ವಿಪರ್ಯಾಸ ಹೇಳಬೇಕು. ಇಷ್ಟೆಲ್ಲ ತಪಾಸಣೆ ನಡೆದದ್ದು ಮನುಷ್ಯರ ಮೈಮೇಲೆ. ಫ್ರೆಂಚ್ ವೈದ್ಯ ಸಿಮೊಂಡ್ 1898ರಲ್ಲೇ ಕರಾಚಿಯಲ್ಲಿ ಪ್ರಯೋಗ ಮಾಡಿ, ಪ್ಲೇಗನ್ನು ಇಲಿಯಿಂದ ಇಲಿಗೆ ಒಯ್ಯುವುದು ಚಿಗಟವೆಂದು ತೋರಿಸಿದ್ದ. ಅಂದಿನ ವೈದ್ಯಲೋಕ ಅದನ್ನು ನಂಬಲಿಲ್ಲ. 1905ರ ನಂತರ ಮುಂಬಯಿಯಲ್ಲಿ ನಡೆದ ಸಂಶೋಧನೆಗಳು ಆ ಮಾತನ್ನು ದೃಢಪಡಿಸುವ ಹೊತ್ತಿಗೆ ಲಕ್ಷಾಂತರ ಜನ ಸತ್ತಿದ್ದರು. ಬಡ ಪ್ರಯಾಣಿಕ ಪ್ಲಾಟ್‌ಫಾರಂನಲ್ಲಿ ಅರೆಬತ್ತಲೆ ನಿಂತಿದ್ದಾಗ, ಪಕ್ಕದ ಗೂಡ್ಸ್ ಗಾಡಿಯಲ್ಲಿ ಧಾನ್ಯದ ಮೂಟೆಗಳೂ ಅವುಗಳೊಡನೆ ಇಲಿ, ಚಿಗಟಗಳೂ ಯಾವ ಪಾಸ್‌ಪೋರ್ಟೂ ಇಲ್ಲದೆ ದಾಟಿಹೋಗುತ್ತಿದ್ದವು. ಚಲನೆಯನ್ನು ತಡೆಯುವವರು ಯಾವ ಚಲನೆಯನ್ನು ತಡೆಯುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದು ರೋಗದ ಸ್ವಭಾವದಿಂದಲೇ ನಿರ್ಧಾರವಾಗುವುದಿಲ್ಲ.

ಅಧಿಕಾರಿಗಳಿಗಿಂತ ಹಳ್ಳಿಯವರು ಈ ವಿಷಯದಲ್ಲಿ ಚುರುಕಾಗಿದ್ದರು. 'ಇಲಿ ಬಿತ್ತು' ಎಂಬುದು ಆ ತಲೆಮಾರಿನವರ ಬಾಯಲ್ಲಿ ಒಂದು ಭಯಂಕರ ನುಡಿ. ಮನೆಯ ಸೂರಿನಿಂದ ಸತ್ತ ಇಲಿ ಬಿದ್ದರೆ ಊರಿಗೆ ಊರೇ ಖಾಲಿಯಾಗುತ್ತಿತ್ತು. ಹೊಲಗಳಲ್ಲಿ ಸೋಗೆ, ಹುಲ್ಲಿನ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ನಮ್ಮ ಮನೆಯ ಹಿರಿಯರು ಹೇಳುತ್ತಿದ್ದುದು ನೆನಪಿದೆ: ಗುಡಿಸಲಲ್ಲಿದ್ದವರು ಬೇರೆ ಊರಿನ ನೆಂಟರ ಮನೆಗೆ ಹೋಗುತ್ತಿರಲಿಲ್ಲ, ಹೋದರೆ ಅಪವಾದ ಬರುತ್ತಿತ್ತು, ಸಾವಿನ ಸುದ್ದಿಯನ್ನೂ ಊರ ಹೊರಗೆ ನಿಂತು ಕೂಗಿ ಹೇಳಿ ಮರಳುತ್ತಿದ್ದರು. ಊರು ಬಿಟ್ಟು ಬಯಲಿಗೆ ಹೋಗುವುದೇ ಅತ್ಯಂತ ಪರಿಣಾಮಕಾರಿ ಉಪಾಯವೆಂದು ಕೊನೆಗೆ ಸರ್ಕಾರವೂ ಒಪ್ಪಿತು. ಬೆಂಗಳೂರಿನಲ್ಲಿ ಪ್ಲೇಗು ಮಾರಮ್ಮನ ಗುಡಿಗಳು ಎದ್ದದ್ದೂ ಈ ಕಾಲದಲ್ಲೇ. ಭಕ್ತಿಯೂ ಬುದ್ಧಿಯೂ ಜೊತೆಯಾಗಿ ನಡೆದ ಕಾಲ ಅದು.

ಕನ್ನಡ ಸಾಹಿತ್ಯದಲ್ಲಿ ಪ್ಲೇಗಿನ ದಾರಿಯನ್ನು ಹಿಡಿದಿಟ್ಟ ಕೃತಿ ಎಂದೊಡನೆ ಅನಂತಮೂರ್ತಿಯವರ 'ಸಂಸ್ಕಾರ' ನೆನಪಾಗುತ್ತದೆ. 1965ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು ನಾವೆಲ್ಲ ಬ್ರಾಹ್ಮಣ್ಯದ ಬಿಕ್ಕಟ್ಟಿನ ಕಥೆಯಾಗಿ ಓದಿದವರು. 2020ರ ಬೇಸಗೆಯಲ್ಲಿ ಮತ್ತೆ ಓದಿದಾಗ ಅದು ನನಗೆ ಪ್ರಯಾಣಗಳ ಕಥೆಯಾಗಿಯೂ ಕಂಡಿತು. ನಾರಣಪ್ಪ ಜ್ವರ ಹೊತ್ತು ಬಂದದ್ದು ಶಿವಮೊಗ್ಗೆಯಿಂದ. ಅವನ ಶವಸಂಸ್ಕಾರದ ಅಧಿಕಾರ ಯಾರದೆಂದು ತೀರ್ಮಾನವಾಗದೆ ಅಗ್ರಹಾರದ ಬ್ರಾಹ್ಮಣರು ಊರಿಂದ ಊರಿಗೆ, ಮಠಕ್ಕೆ ನಡೆಯುತ್ತಾರೆ. ಇಲಿಗಳು ಸಾಯುತ್ತಿರುವುದು ಅವರಿಗೆ ಶಕುನವಾಗಿ ಕಾಣುತ್ತದೆಯೇ ಹೊರತು ತಾವು ಹೊತ್ತು ತರುತ್ತಿರಬಹುದಾದ ಮರಣವಾಗಿ ಅಲ್ಲ. ಕೊನೆಯ ಭಾಗದಲ್ಲಿ ಪ್ರಾಣೇಶಾಚಾರ್ಯರು ಮೇಳಿಗೆಯ ಜಾತ್ರೆಗೆ ಬಂದು, ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಸೂತಕದಲ್ಲಿ ಪಂಕ್ತಿಗೆ ಕುಳಿತೆನೆಂಬ ತಳಮಳ ಅವರನ್ನು ಸುಡುತ್ತದೆ. ಪ್ಲೇಗಿನ ಊರಿನಿಂದ ನೇರವಾಗಿ ಬಂದು ನೂರಾರು ಜನರ ನಡುವೆ ಕುಳಿತೆನೆಂಬ ತಳಮಳಕ್ಕೆ ಅಲ್ಲಿ ಎಡೆಯಿಲ್ಲ. ದಾರಿಯಲ್ಲಿ ಗಂಟುಬಿದ್ದ ಮಾಲೇರ ಪುಟ್ಟ ಬಿಡದೆ ಊರು, ಕೇರಿ ವಿಚಾರಿಸುತ್ತಾನೆ. ಆ ಮಹಾಪಂಡಿತರು ನೇರ ಉತ್ತರ ಕೊಡಲಾರದೆ ತೊಳಲುತ್ತಾರೆ. ಕಾದಂಬರಿಕಾರರ ಉದ್ದೇಶ ಬೇರೆಯೇ ಇತ್ತು, ಬಲ್ಲೆ. ಆದರೂ ಒಂದು ಮಹಾಮಾರಿಯನ್ನು ಕಂಡ ಮೇಲೆ ಆ ಪಂಕ್ತಿಯ ದೃಶ್ಯವನ್ನು ಹಿಂದಿನಂತೆ ಓದುವುದು ನನಗೆ ಸಾಧ್ಯವಾಗಿಲ್ಲ.

1918ರ ಇನ್‌ಫ್ಲುಯೆಂಜಾ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಮಹಾಯುದ್ಧದ ಸೈನಿಕರೊಡನೆ ಮುಂಬಯಿಯ ಬಂದರಿಗೆ ಬಂದು, ಅದೇ ರೈಲುದಾರಿಗಳಲ್ಲಿ ಹರಡಿ, ಭಾರತದಲ್ಲಿ ಒಂದು ಕೋಟಿಗೂ ಮೀರಿದ ಜನರನ್ನು ಅದು ಕೊಂಡೊಯ್ದಿತು. 1911ರಿಂದ 1921ರವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆ ಬೆಳೆಯುವ ಬದಲು ಕುಗ್ಗಿತು. ಪ್ಲೇಗಿಗೆ ಊರು ಬಿಡುವ ಉಪಾಯವಿತ್ತು. ಉಸಿರಿನಲ್ಲಿ ಬರುವ ರೋಗಕ್ಕೆ ಅದೂ ಇರಲಿಲ್ಲ. ಬೇಗ ಬಂದು ಬೇಗ ಹೋದದ್ದರಿಂದಲೋ ಏನೋ, ಪ್ಲೇಗಿನಷ್ಟು ಕಥೆಗಳನ್ನು ಅದು ಉಳಿಸಿಹೋಗಲಿಲ್ಲ.

ಬರುವವನ ಧರ್ಮ ಎಂದೆನಲ್ಲ. ಅದಕ್ಕೆ ಸಂಬಂಧಿಸಿದ ಅತ್ಯಂತ ಹಳೆಯ ಭಾರತೀಯ ವಿಧಿ ರೋಗದ ಕಾರಣದಿಂದ ಹುಟ್ಟಿದ್ದಲ್ಲ. ಶ್ರಮಣರು ಮಳೆಗಾಲದಲ್ಲಿ ಒಂದೆಡೆ ನಿಲ್ಲಬೇಕೆಂಬ ನಿಯಮವನ್ನು ಓದುಗರು ಬಲ್ಲರು. ಜೈನ ಮುನಿಗಳ ಚಾತುರ್ಮಾಸ್ಯ ಆಷಾಢದಿಂದ ದೀಪಾವಳಿಯವರೆಗೆ. ಬೌದ್ಧರ ವರ್ಷಾವಾಸವೂ ಇದರ ಸೋದರ. ಬೌದ್ಧ ವಿನಯಪಿಟಕದ ಮಹಾವಗ್ಗವು ಈ ನಿಯಮ ಹುಟ್ಟಿದ ಸಂದರ್ಭವನ್ನು ಹೇಳುತ್ತದೆ. ಭಿಕ್ಷುಗಳು ಮಳೆಗಾಲದಲ್ಲೂ ತಿರುಗುತ್ತ ಹಸಿರು ಹುಲ್ಲನ್ನು, ಸಣ್ಣ ಜೀವಗಳನ್ನು ತುಳಿಯುವುದನ್ನು ಕಂಡು ಜನರು ಆಕ್ಷೇಪಿಸಿದರು. ಇತರ ಪಂಥಗಳ ಸಂನ್ಯಾಸಿಗಳು ಈ ಕಾಲದಲ್ಲಿ ಒಂದೆಡೆ ನಿಲ್ಲುತ್ತಾರೆ, ಹಕ್ಕಿಗಳೂ ಗೂಡು ಕಟ್ಟಿ ಕೂರುತ್ತವೆ, ಇವರಿಗೇಕೆ ಈ ತಿರುಗಾಟ ಎಂದರು. ಆ ಮಾತು ಬುದ್ಧನ ಕಿವಿಗೆ ಬಿದ್ದ ಮೇಲೆ ನಿಯಮವಾಯಿತು. ಇಲ್ಲಿ ಗಮನಿಸಬೇಕಾದುದು ನಿಯಮದ ಮೂಲ: ಅದು ನಡೆಯುವವನ ಆತ್ಮಶೋಧನೆಯಿಂದ ಹುಟ್ಟಿದ್ದಲ್ಲ, ಅವನು ನಡೆದುಹೋದ ನೆಲದವರ ಆಕ್ಷೇಪಣೆಯಿಂದ ಹುಟ್ಟಿದ್ದು.

ಮುನಿಗಳಿಗಲ್ಲದೆ ಗೃಹಸ್ಥರಿಗೂ ಜೈನ ಆಚಾರಶಾಸ್ತ್ರ ಚಲನೆಯ ಮಿತಿಯನ್ನು ಹೇಳಿದೆ. ಹತ್ತು ದಿಕ್ಕುಗಳಲ್ಲಿ ಇಷ್ಟು ದೂರದಾಚೆ ಹೋಗೆನೆಂದು ಜೀವಮಾನಕ್ಕೆ ಗೆರೆ ಎಳೆದುಕೊಳ್ಳುವುದು ದಿಗ್ವ್ರತ; ಇಂತಿಷ್ಟು ಕಾಲ ಈ ಊರು, ಈ ಮನೆಯನ್ನು ದಾಟೆನೆಂಬುದು ದೇಶವ್ರತ. ವ್ಯರ್ಥವಾಗಿ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಪ್ರಮಾದದ ನಡೆಗಳಲ್ಲಿ ಎಣಿಸುತ್ತದೆ. ಇವೆಲ್ಲ ಪರಿಚಿತ ವಿಷಯಗಳು. ನನ್ನನ್ನು ಬೆರಗುಗೊಳಿಸಿದ್ದು ದೇಶವ್ರತಕ್ಕೆ ತತ್ತ್ವಾರ್ಥಸೂತ್ರ ಹೇಳುವ ಐದು ಅತಿಚಾರಗಳು. ಗೆರೆಯೊಳಗೇ ಕುಳಿತು ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಒಂದು. ತಾನು ಹೋಗದೆ ಆಳನ್ನು ಕಳುಹಿಸುವುದು ಇನ್ನೊಂದು. ಕೆಮ್ಮಿ, ಕೂಗಿ ಹೊರಗಿನವನಿಗೆ ಸೂಚನೆ ಕೊಡುವುದು, ತನ್ನ ರೂಪವನ್ನು ತೋರಿಸಿ ಕೆಲಸ ಮಾಡಿಸುವುದು, ಹೆಂಟೆ ಎಸೆದು ಕರೆಯುವುದು ಉಳಿದ ಮೂರು. ವ್ರತದ ಅಕ್ಷರವನ್ನು ಪಾಲಿಸುತ್ತ ಆಶಯವನ್ನು ಮುರಿಯುವ ಜಾಣತನಗಳನ್ನು ಆಚಾರ್ಯರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು! 2020ರಲ್ಲಿ ನಾವು, ನನ್ನಂಥ ಸಂಬಳದವರೂ ನಿವೃತ್ತರೂ, 'ಮನೆಯಲ್ಲೇ ಇರಿ' ಎಂಬ ವ್ರತವನ್ನು ಹೆಮ್ಮೆಯಿಂದ ಪಾಲಿಸಿದೆವು. ಫೋನಿನಲ್ಲಿ ಹೇಳಿದ್ದೆಲ್ಲ ಬಾಗಿಲಿಗೆ ಬರುತ್ತಿತ್ತು. ತರುವ ಹುಡುಗ ಮಾಸ್ಕು ತೊಟ್ಟು ಊರೆಲ್ಲ ಸುತ್ತಿ ಮೆಟ್ಟಿಲ ಮೇಲೆ ಚೀಲವಿಟ್ಟು ಹೋಗುತ್ತಿದ್ದ. ನಾವು ತಿರುಗಲಿಲ್ಲ ನಿಜ. ನಮ್ಮ ಪಾಲಿನ ತಿರುಗಾಟವನ್ನು ಅವನು ತಿರುಗಿದ.

ಅದೇ ದಿನಗಳಲ್ಲಿ ತಿರುಗುವುದೇ ಬದುಕಾಗಿದ್ದವರ ಗತಿ ಬೇರೆಯಾಗಿತ್ತು. ಕನ್ನಡದಲ್ಲಿ ಯಾತ್ರೆ, ಪ್ರವಾಸ, ದೇಶಾಟನ, ಸಂಚಾರ ಎಂಬ ಗೌರವದ ಪದಗಳ ಜೊತೆಗೆ 'ಗುಳೆ' ಎಂಬ ಒಂದು ಒಣ ಪದವಿದೆ. ಬರ ಬಂದು ಊರು ಬಿಡುವುದು ಗುಳೆ. ಜಗಳೂರಿನಂಥ ಮಳೆಯ ಕೊರತೆಯ ಸೀಮೆಯವರಿಗೆ ಈ ಪದ ನಿಘಂಟಿನದಲ್ಲ. ಭದ್ರಾ ನಾಲೆಯ ನೀರುಂಡ ಚನ್ನಗಿರಿಯ ಗದ್ದೆಗಳಿಗೆ ನಾಟಿಗೆಂದು, ಅಡಿಕೆ ತೋಟಗಳಿಗೆ ಕೊಯ್ಲಿಗೆಂದು, ಮಲೆನಾಡಿನ ಕಾಫಿ ತೋಟಗಳಿಗೆ ಹಣ್ಣು ಕೀಳಲೆಂದು ಕೂಲಿಯವರು ಹೋಗುತ್ತಾರೆ. ಕೊಯ್ಲಾದ ಗದ್ದೆಗಳಲ್ಲಿ ಕುರಿ ನಿಲ್ಲಿಸುವ ಕುರಿಗಾಹಿಗಳೂ ಹೀಗೇ ಸೀಮೆಯಿಂದ ಸೀಮೆಗೆ ನಡೆಯುವವರು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯಲ್ಲಿ ಬಂಜಾರರು ದೂರದೂರದಿಂದ ಅಲ್ಲಿಗೆ ಬರುತ್ತಾರೆ. ರೈಲು ಬರುವ ಮೊದಲು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿ ಇಡೀ ದಖ್ಖನ್ನಿಗೆ ಊಟ ಒದಗಿಸುತ್ತಿದ್ದ ಜನ ಅವರು. ಅವರ ಸಂಚಾರ ಒಂದು ದೇಶದ ಸಂಸಾರವನ್ನು ನಡೆಸಿತ್ತು.

2020ರ ಮಾರ್ಚ್ 24ರ ನಡುರಾತ್ರಿ ದೇಶಕ್ಕೆ ಬೀಗ ಬಿತ್ತು. ರಾಜ್ಯದ ಎಷ್ಟೋ ಹಳ್ಳಿಗಳವರು ದಾರಿಗೆ ಮುಳ್ಳು, ಮರದ ದಿಮ್ಮಿಗಳನ್ನು ಅಡ್ಡ ಹಾಕಿದರು. ಕೆಲವೆಡೆ ಕಂದಕವನ್ನೇ ತೋಡಿದರು. ನಗರದವರು ಇದನ್ನು ಕಂಡು ಹಳ್ಳಿಗರ ಜಾಗೃತಿಯನ್ನು ಮೆಚ್ಚಿದರು. ನಾನೂ ಮೆಚ್ಚಿದೆ. ಆದರೆ ಮುಳ್ಳುಬೇಲಿಯ ಹೊರಗೆ ನಿಂತವರಲ್ಲಿ ಹೆಚ್ಚಿನವರು ಪ್ರವಾಸಿಗರಾಗಿರಲಿಲ್ಲ. ಪಟ್ಟಣದಲ್ಲಿ ಕೂಲಿ ಕಳೆದುಕೊಂಡು ತಮ್ಮ ಊರಿಗೇ ಮರಳುತ್ತಿದ್ದವರು. ಮೇ ತಿಂಗಳ ಮೊದಲಲ್ಲಿ ಉತ್ತರದ ರಾಜ್ಯಗಳ ಕಾರ್ಮಿಕರಿಗಾಗಿ ಗೊತ್ತುಮಾಡಿದ್ದ ಶ್ರಮಿಕ ರೈಲುಗಳನ್ನು, ಕಟ್ಟಡ ನಿರ್ಮಾಪಕರ ಜೊತೆ ಮಾತುಕತೆಯಾದ ಬೆನ್ನಿಗೇ ಕರ್ನಾಟಕ ಸರ್ಕಾರ ರದ್ದುಪಡಿಸಿತು. ಟೀಕೆ ಬಂದ ಮೇಲೆ ಎರಡೇ ದಿನದಲ್ಲಿ ಮತ್ತೆ ಒಪ್ಪಿತು. ತಲಪಾಡಿಯಲ್ಲಿ ಗಡಿರಸ್ತೆಗೆ ಮಣ್ಣು ಸುರಿದಾಗ ಕಾಸರಗೋಡಿನ ಕನ್ನಡಿಗರು, ಆಸ್ಪತ್ರೆಗೆ ಮಂಗಳೂರನ್ನೇ ನಂಬಿದ್ದವರು, ಆಚೆ ಉಳಿದರು. ಕೆಲವರು ದಾರಿಯಲ್ಲೇ ಪ್ರಾಣಬಿಟ್ಟರು. ಕೇರಳದ ಹೈಕೋರ್ಟು ಮಧ್ಯೆ ಬರಬೇಕಾಯಿತು.

ಅಂತರ ಕಾಪಾಡುವುದರ ಬಗ್ಗೆಯೂ ಒಂದು ಮಾತು. 'ದೂರ ನಿಲ್ಲು' ಎಂಬ ನುಡಿ ನಮ್ಮ ಹಳ್ಳಿಗಳಿಗೆ ಹೊಸದಾಗಿರಲಿಲ್ಲ. ಮೇಲಿನಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದವರ ನೆನಪು ಇನ್ನೂ ಹಸಿಯಾಗಿದೆ. ಜಗಲಿಯ ತುದಿಯಲ್ಲಿ ಚೊಂಬನ್ನಿಟ್ಟು ಹಿಂದೆ ಸರಿಯುವ ಕ್ರಿಯೆಯನ್ನು ನಾನು ಮೊದಲ ಸಲ ಅನುಭವಿಸಿದ್ದು ಅಂದು. ತಲೆತಲಾಂತರ ಅದನ್ನು ಅನುಭವಿಸಿದವರಿಗೆ ವೈರಾಣುವಿನ ನೆಪವೂ ಇರಲಿಲ್ಲ. ರೋಗದ ಭಯದಿಂದ ಬಂದ ಅಂತರ ರೋಗದೊಡನೆ ಹೋಗಬೇಕು. ಹೋಗದೆ ಉಳಿದರೆ ಅದು ಬೇರೆಯದೇ ರೋಗ.

ಭಾರತೀಯ ಪುರಾತತ್ತ್ವ ಇಲಾಖೆಯು 2020ರ ಮಾರ್ಚ್ 17ರಿಂದ ಮುಚ್ಚಿದ್ದ ಸ್ಮಾರಕಗಳು ಜುಲೈ 6ರಂದು ಮತ್ತೆ ತೆರೆಯತೊಡಗಿದವು. ಎರಡನೆಯ ಅಲೆಯಲ್ಲಿ, 2021ರ ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ, ಮತ್ತೊಮ್ಮೆ ಮುಚ್ಚಿದವು. ಬಾಗಿಲು ತೆರೆದಾಗಲೆಲ್ಲ ಜನ ನುಗ್ಗಿದರು. ಪತ್ರಿಕೆಗಳು ಅದಕ್ಕೆ 'ರಿವೆಂಜ್ ಟ್ರಾವೆಲ್' ಎಂದು ಹೆಸರಿಟ್ಟವು. ಸೇಡಿನ ಪ್ರವಾಸ! ಯಾರ ಮೇಲಿನ ಸೇಡು? ವೈರಾಣುವಿಗೆ ತಗಲುವ ಸೇಡಲ್ಲ ಅದು. ತಗಲಿದ್ದು ಮುಳ್ಳಯ್ಯನಗಿರಿಯ ಇಳಿಜಾರಿಗೆ, ಕೊಡಗಿನ ಕಿರುದಾರಿಗಳಿಗೆ. 2021ರ ಜುಲೈಯಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತ ಗಿರಿಗೆ ಹೋಗುವ ವಾಹನಗಳಿಗೂ ಜನರಿಗೂ ಮಿತಿ ಹಾಕಬೇಕಾಯಿತು. ಸ್ಥಳೀಯರ ಆಕ್ಷೇಪದಿಂದ ನಿಯಮ ಹುಟ್ಟುವುದು ವಿನಯಪಿಟಕದ ಕಾಲಕ್ಕೇ ಮುಗಿದಿರಲಿಲ್ಲವೆಂದಾಯಿತು.

ಹಾಗೆಂದು ಮನೆಯಲ್ಲೇ ಕೂರುವುದು ಉತ್ತರವೆಂದು ನನಗೆ ತೋರುವುದಿಲ್ಲ. ಹಂಪೆಯ ಹರಿಗೋಲಿನವರು, ಬೇಲೂರಿನ ಗೈಡುಗಳು, ಶ್ರವಣಬೆಳಗೊಳದಲ್ಲಿ ಡೋಲಿ ಹೊರುವವರು ಆ ಎರಡು ವರ್ಷ ಪಟ್ಟ ಪಾಡು ಅಷ್ಟಿಷ್ಟಲ್ಲ. ಪ್ರವಾಸಿಗನ ದುಡ್ಡಿಲ್ಲದೆ ಅವರ ಒಲೆ ಉರಿಯುವುದಿಲ್ಲ. ಆದರೆ ಪ್ರವಾಸಿಗನ ದುಡ್ಡು ಊರಿಗೆ ಸೇರದ, ಅವನ ಕಸ ಮಾತ್ರ ಸೇರುವ ಜಾಗಗಳೂ ಬಹಳ. ಚನ್ನಗಿರಿ ತಾಲ್ಲೂಕಿನಲ್ಲೇ ಎರಡು ಉದಾಹರಣೆ ಕೊಡಬಲ್ಲೆ.

ಮೊದಲನೆಯದು ಸಂತೇಬೆನ್ನೂರು. 16ನೆಯ ಶತಮಾನದಲ್ಲಿ ಪಾಳೆಯಗಾರ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನಡುವೆ ನೀರಿನಿಂದೆದ್ದ ಮಂಟಪ. ಎದುರಿಗೆ 17ನೆಯ ಶತಮಾನದಲ್ಲಿ ಬಿಜಾಪುರದ ಸ್ವಾರಿಯ ಕಾಲದ ಮುಸಾಫಿರಖಾನೆ. ಪುಷ್ಕರಣಿ ಕಟ್ಟಿದವರಿಗೂ ಖಾನೆ ಕಟ್ಟಿದವರಿಗೂ ಇದ್ದ ವೈರವನ್ನು ಊರಿನವರು ಇಂದಿಗೂ ಕಥೆಯಾಗಿ ಹೇಳುತ್ತಾರೆ. ನನಗೆ ಕುತೂಹಲವಾದದ್ದು ಹೆಸರು. ಮುಸಾಫಿರನೆಂದರೆ ದಾರಿಹೋಕ. ತಂಗುವ ದಾರಿಹೋಕನ ಹೆಸರು ಹೊತ್ತ ಕಟ್ಟಡದ ಮುಂದೆ ಇಂದು ಬರುವ ನಾವು ಸಾಮಾನ್ಯವಾಗಿ ಅರ್ಧ ಗಂಟೆ ನಿಲ್ಲುತ್ತೇವೆ. ಮೆಟ್ಟಿಲ ಮೇಲೆ ಕುಳಿತು ಚಿತ್ರ ತೆಗೆಸಿಕೊಂಡು, ಊರಿನಲ್ಲಿ ಒಂದು ಚಹಾ ಕೂಡ ಕುಡಿಯದೆ, ಮುಂದಿನ ಜಾಗಕ್ಕೆ ಹೊರಡುತ್ತೇವೆ.

ಎರಡನೆಯದು ಸೂಳೆಕೆರೆ, ಶಾಂತಿಸಾಗರ. ರಾಜಕುವರಿ ಶಾಂತವ್ವ ಕಟ್ಟಿಸಿದಳೆಂದೂ, ನೆಲ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರೇ ಕೆರೆಗೆ ಇರಬೇಕೆಂದು ಕೇಳಿಕೊಂಡರೆಂದೂ ಐತಿಹ್ಯ. ನೆಲದವರ ಮಾತು ಕೇಳಿ ಕಟ್ಟಿದ ಕೆರೆ ಎಂದಾಯಿತು! ಇದರ ಸುತ್ತಳತೆ 40 ಮೈಲಿ ಎಂದು ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಭಾನುವಾರದ ಸಂಜೆ ಏರಿಯ ಮೇಲೆ ಸಾಲುಗಟ್ಟಿದ ಕಾರು, ಬೈಕುಗಳು. ನೀರಿನಂಚಿನಲ್ಲಿ ತಟ್ಟೆ, ಬಾಟಲಿ, ಕುರುಕಲಿನ ಪೊಟ್ಟಣಗಳು. ಸಾಂಕ್ರಾಮಿಕದ ನಂತರ ಇವುಗಳ ಜೊತೆಗೆ ನೀಲಿ ಮಾಸ್ಕುಗಳೂ. ಈ ಕೆರೆಯ ನೀರು ಚಿತ್ರದುರ್ಗದ ನಲ್ಲಿಗಳಿಗೆ ಹೋಗುತ್ತದೆ. ಇಲ್ಲಿ ಎಸೆದವನು ಮರುದಿನ ಕೋಟೆ ನೋಡಲು ದುರ್ಗಕ್ಕೆ ಹೋಗಿ ಹೋಟೆಲಿನಲ್ಲಿ ನೀರು ಕೇಳುತ್ತಾನೆ.

2022ರ ಚಳಿಗಾಲದಲ್ಲಿ ನಾನು ಮತ್ತೆ ಆ ಸೀಮೆಗೆ ಹೋದೆ. ಈ ಸಲ ಒಬ್ಬನೇ, ವಾರದ ನಡುವೆ, ಬಸ್ಸಿನಲ್ಲಿ. ಅವಸರವಿಲ್ಲದೆ ಮೂರು ದಿನ. ಹೊರಡುವ ಮುಂಚೆ ಎರಡು ದಿನ ನೆಗಡಿಯಿತ್ತು. ಹಿಂದೆಂದೂ ಅದನ್ನು ಲೆಕ್ಕಕ್ಕೆ ತಂದವನಲ್ಲ. ಈಗ ಟಿಕೆಟನ್ನು ಮುಂದಿನ ವಾರಕ್ಕೆ ಬದಲಿಸಿದೆ. ಊಟ ಊರಿನ ಖಾನಾವಳಿಯಲ್ಲಿ. ಹೀಗೆ ಹೋದಾಗ ಒಂದು ಲಾಭವನ್ನು ಕಂಡೆ: ಜನ ತಾವೇ ಮಾತಾಡಿಸುತ್ತಾರೆ. ಕಾರಿನಲ್ಲಿ ಸುತ್ತಿ ಎಂಟು ಊರು ನೋಡಿದಾಗ ತಿಳಿಯದಿದ್ದುದು ಬಸ್ ನಿಲ್ದಾಣದಲ್ಲಿ ಒಂದು ತಾಸು ಕಾದಾಗ ತಿಳಿಯಿತು.

ಕತ್ತಲಗೆರೆಯ ಆ ಮನೆಯ ಜಗಲಿಯಲ್ಲಿ ಅಜ್ಜಿ ಇದ್ದರು. ಅವರಿಗೆ ನನ್ನ ನೆನಪಿರಲಿಲ್ಲ, ಇರಬೇಕಾದ ಕಾರಣವೂ ಇಲ್ಲ. ಕಣ್ಣಿನ ಮೇಲೆ ಕೈಯಿಟ್ಟು ನೋಡಿ, "ಯಾವೂರಪ್ಪಾ ನಿಮ್ದು?" ಎಂದರು.

"ಬೆಂಗ್ಳೂರಮ್ಮಾ. ಎರಡು ವರ್ಷದ ಹಿಂದೆ ಬಂದಿದ್ದೆ. ಆಗ ದಾವಣಗೆರೆ ಅಂದಿದ್ದೆ, ಬಂದಿದ್ದು ಬೆಂಗ್ಳೂರಿಂದ್ಲೇ."

ಅವರು ಇದನ್ನು ಎಷ್ಟು ಕೇಳಿಸಿಕೊಂಡರೋ. "ಬೆಂಗ್ಳೂರಿಂದ ಇಲ್ಲಿಗೆ ಏನ್ ನೋಡಾಕೆ ಬಂದೆಪ್ಪಾ?" ಎಂದರು. ಹಳೆಯ ಕಲ್ಲುಗಳನ್ನು ನೋಡುವವನೆಂದು ಹೇಳಿದೆ. ಅವರು ನಕ್ಕರು, ಪಕ್ಕಕ್ಕೆ ಸರಿದು ಜಗಲಿಯಲ್ಲಿ ಜಾಗ ಮಾಡಿಕೊಟ್ಟರು. "ಕಲ್ಲು ಎಲ್ಲಿಗೂ ಹೋಗಲ್ಲ ಬಿಡು. ಬಿಸಿಲು ಇಳೀಲಿ, ಕೂತ್ಕೋ" ಎಂದು ನೀರು ತರಲು ಒಳಗೆ ಹೋದರು.